ಕಾಲು ಇಂಚು

ಕ್ಯಾನ್ವಾಸಿನ ಅಂಚಿನಲ್ಲಿ ಕಾಲು ಇಂಚು
ಯಾವಾಗಲೂ ನನ್ನದು.
ಬೀಡಿಂಗಿನ ತುಟಿ ಅಷ್ಟನ್ನು ಕಚ್ಚಿಕೊಳ್ಳದಿದ್ದರೆ
ಚಿತ್ರ ಕಟ್ಟಿನಲ್ಲಿ ನಿಲ್ಲುವುದಿಲ್ಲ.
ದೇವರು, ದಿವಂಗತರು, ಮದುಮಕ್ಕಳು,
ಮೂವತ್ತು ವರ್ಷ ಎಲ್ಲರಿಂದಲೂ ವಸೂಲು ಮಾಡಿದ್ದೇನೆ
ಭವಂತಿ ಬೀದಿಯ ಈ ಹತ್ತಡಿ ಅಂಗಡಿಯಲ್ಲಿ.

ಲಿಡ್ವಿನ್ ಬಾಯಮ್ಮ ಮೊದಲ ಸಲ ಬಂದಾಗ
ರಿಕ್ಷಾದಿಂದ ಚಿತ್ರ ಇಳಿಯಿತು, ಆಮೇಲೆ ಅವರು.
ಇದರ ಮೇಲೆ ಯಾವುದು, ಕೆಳಗೆ ಯಾವುದು, ಕೇಳಿದೆ.
ಕೊಕ್ಕೆ ಎಲ್ಲಿ ಹೊಡೆಯಬೇಕು, ಗೊತ್ತಾಗಬೇಕಲ್ಲ.
"ನಾಲ್ಕೂ ಕಡೆ ಹೊಡಿ ಮಾರಾಯ,
ಕೊಂಡವರು ಬೇಜಾರು ಬಂದಾಗ ತಿರುಗಿಸಲಿ."
ಹೊಡೆದೆ. ಎರಡು ಕೊಕ್ಕೆಯ ದುಡ್ಡು ಮಾತ್ರ ಕೊಟ್ಟರು.

ಅವರ ಕತೆ ನನಗೆ ಸಿಕ್ಕಿದ್ದು ಕಂತಿನಲ್ಲಿ,
ಗೋಂದು ಒಣಗುವ ಹೊತ್ತಿಗೆ ಒಂದಿಷ್ಟು.
ಹಂಪನಕಟ್ಟೆಯ ಸ್ಟುಡಿಯೋದ ಹಿಂದಿನ ಕೋಣೆ,
ಓರೆ ಮೇಜು, ಅಡಿಯಿಂದ ಒಂದು ಬಲ್ಬು,
ನೆಗೆಟಿವಿನ ಮೇಲೆ ಸೂಜಿಯಂಥ ಪೆನ್ಸಿಲು;
ಕಪ್ಪು ತುಂಬಿದಷ್ಟೂ ಮುಖ ಬೆಳ್ಳಗಾಗುವ ಕಸುಬು.
ಹತ್ತೊಂಬತ್ತು ವರ್ಷ ಊರನ್ನು ತಿದ್ದಿದರು:
ಸಿಡುಬಿನ ಗುಳಿ, ಕಣ್ಣಡಿಯ ನೆರಳು,
ಅತ್ತೆಮನೆಗೆ ಹಿಡಿಸಲಿಕ್ಕಿಲ್ಲದ ಮಚ್ಚೆ.
"ಮಚ್ಚೆಗೆ ಎಂಟಾಣೆ, ಗಾಯದ ಕಲೆಗೆ ಒಂದು ರೂಪಾಯಿ.
ಎಷ್ಟು ಜನರ ಚರ್ಮ ತೆಗೆದಿದ್ದೇನೆ" ಎಂದು
ತಮ್ಮ ಬೆರಳನ್ನು ತಾವೇ ನೋಡಿಕೊಂಡರು.

ಕಂಪ್ಯೂಟರ್ ಬಂತು. ಮಾಲೀಕರು ಬಾಕಿ ಸಂಬಳಕ್ಕೆ
ಸ್ಟುಡಿಯೋದ ಪರದೆ ಸುತ್ತಿ ಕೊಟ್ಟರು:
ಮೆಟ್ಟಿಲು, ಹಂಸ, ಹೂಕುಂಡ.
ಬೆಂದೂರಿನ ಮನೆಯಲ್ಲಿ ಅದನ್ನು ಮಗುಚಿ ಹಾಸಿ
ಹಿಂಬದಿಗೆ ಬಳಿಯತೊಡಗಿದರು.
ಆಗ ಐವತ್ತಕ್ಕೆ ಎರಡು ಕಮ್ಮಿ.

ಬಲ್ಮಠದಲ್ಲಿ ಮೊದಲ ಪ್ರದರ್ಶನ.
ಚಿತ್ರಗಳಿಗಿಂತ ಮೂಲೆಯ ಛತ್ರಿಗಳು ಹೆಚ್ಚಿದ್ದವು.
ಹೋದದ್ದು ಒಂದು, ಹಲ್ಲಿನ ಡಾಕ್ಟರ ಕಾಯುವ ಕೋಣೆಗೆ.
ಬೆಂಗಳೂರಿನಿಂದ ಬಂದವರೊಬ್ಬರು ಪತ್ರಿಕೆಯಲ್ಲಿ
'ಕರಾವಳಿಯ ಮುರಕಲ್ಲಿನ ಕೆಂಪು' ಎಂದು ಬರೆದರು.
ಬಾಯಮ್ಮ ನಕ್ಕದ್ದು ಈಗಲೂ ಕೇಳುತ್ತದೆ.
"ಮುರಕಲ್ಲಂತೆ! ಅದು ತುಟಿಯ ಬಣ್ಣ,
ಬ್ಲ್ಯಾಕ್ ಅಂಡ್ ವೈಟ್ ಮದುವೆಗಳಿಗೆ ಹಚ್ಚುವುದು.
ಎರಡು ಡಬ್ಬಿ ಉಳಿದಿತ್ತು."

ಡಬ್ಬಿ ಮುಗಿದಾಗ ಕೆಂಪೂ ಮುಗಿಯಿತು.
ಆಮೇಲೆ ಬಿಳಿಯವು, ಸುಣ್ಣದ ಗೋಡೆಯಂಥವು,
ಹತ್ತಿರ ಹೋದರೆ ಉಗುರಿನ ಗೀರು.
ಆಟಿಯಲ್ಲಿ ಬೂಷ್ಟು ಹಿಡಿದ ಒಂದನ್ನು ತಂದು
"ಒರೆಸಬೇಡ, ಇಷ್ಟು ಚಂದ ನನಗೆ ಬರುವುದಿಲ್ಲ" ಎಂದರು.
ಕೊಚ್ಚಿಯಲ್ಲಿ, ಮುಂಬಯಿಯಲ್ಲಿ ಹೆಸರಾಯಿತಂತೆ.
ನನಗೆ ತಿಳಿದದ್ದು ಅಳತೆ:
ರಿಕ್ಷಾ ಸಾಲದೆ ಟೆಂಪೋ ಬಂತು.

ಈಗ ಎಪ್ಪತ್ತೊಂದು. ಬರೀ ಚುಕ್ಕೆಗಳು.
ಆರಡಿ ಬಟ್ಟೆಯ ತುಂಬ ಕಂದು, ಕಪ್ಪು, ಜೇನು,
ಒಂದರ ಹಾಗೆ ಇನ್ನೊಂದಿಲ್ಲ.
ಯಾರೂ ಇಲ್ಲದ ಒಂದು ಜಂಗುಳಿ.

ಮೊನ್ನೆ ಮಂಗಳವಾರ ಕಟ್ಟು ಹಾಕುತ್ತಿದ್ದೆ.
ಎಡಕ್ಕೆ, ಕೆಳಗೆ, ಅಂಚಿಗೆ ತಾಗಿ
ಹುಣಸೆಬೀಜದಷ್ಟು, ಒಂದು ಬದಿ ಹರಿದ ಹಾಗೆ.
ಕೈ ನಿಂತಿತು.
ಅಪ್ಪೆಯ ಕೊರಳಲ್ಲಿತ್ತು ಅದು,
ಕುಚ್ಚಲಕ್ಕಿಯ ತೆಳಿ ಬಸಿಯುವಾಗ ಚೆಲ್ಲಿದ್ದು.
ಬೀಡಿಯ ತಡ್ಪೆ ತೊಡೆಯಲ್ಲಿಟ್ಟು ಅವಳು ಬಗ್ಗಿದರೆ
ಮಡಚಿಕೊಳ್ಳುತ್ತಿತ್ತು;
ನಿದ್ದೆ ಬರುವವರೆಗೆ ನಾನು ಸವರುತ್ತಿದ್ದ ಜಾಗ.
ಅಂಗಡಿಯ ಗೋಡೆಯಲ್ಲಿ, ಮಾಲೆಯೊಳಗೆ, ಅವಳ ಒಂದೇ ಫೋಟೋ.
ಅದೇ ಸ್ಟುಡಿಯೋದ ಮೊಹರು.
ಕೊರಳು ನುಣ್ಣಗೆ, ಬೇರೆ ಯಾರದ್ದೋ.

ಕೇಳಿದೆ. ಬಾಯಮ್ಮ ಕನ್ನಡಕ ಏರಿಸಿ
ಫೋಟೋ ನೋಡಿದರು, ಚಿತ್ರ ನೋಡಿದರು.
"ಯಾರದ್ದು ಯಾವುದು ಎಂತ ಗೊತ್ತು ಮಗ.
ಕೈಗೆ ನೆನಪಿದ್ದರೂ ಇರಬಹುದು."
ತಣಿದ ಚಾ ಕುಡಿದು ಹೊರಟರು.

ಬೀಡಿಂಗು ಬಿಚ್ಚಿದೆ.
ಹಿಂದೆ ಹಲಗೆ ಕೊಟ್ಟು, ತುಟಿಯಿಲ್ಲದ ಮರ ತಂದು,
ಸುತ್ತ ಬೆರಳು ಹೋಗುವಷ್ಟು ಸಂದು ಬಿಟ್ಟು ಕಟ್ಟಿದೆ,
ಏನನ್ನೂ ಕಚ್ಚದ ಹಾಗೆ.
ಒಂದು ದಿನ ಜಾಸ್ತಿ ಹಿಡಿಯಿತು. ಬಿಲ್ಲಿನಲ್ಲಿ ಬರೆದಿಲ್ಲ.
ಕೊಕ್ಕೆ, ಎಂದಿನಂತೆ, ನಾಲ್ಕು.